ಸತ್ಯಾಂಶ: ಬಾಡಿಗೆ ಸೈಕಲ್ ಸ್ಮಾರ್ಟ್‌ಫೋನ್ ಇದ್ದವರಿಗೆ ಮಾತ್ರವೇ?

ಕಲಬುರಗಿಯ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಹಂಚಿಕೆ ಸೈಕಲ್‌ಗೆ ಸ್ಮಾರ್ಟ್‌ಫೋನ್, ಕ್ರೆಡಿಟ್ ಕಾರ್ಡ್ ಬೇಕೇ ಬೇಕು. ಬಡ ಬಡಾವಣೆಯಲ್ಲಿಟ್ಟರೆ ಮರುದಿನವೇ ಮಾಯ." ಎರಡೂ ತಪ್ಪು.

ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವುದೇ ಹಂಚಿಕೆ ಸೈಕಲ್. 2017ರಲ್ಲಿ ಮೈಸೂರಿನಲ್ಲಿ ಶುರುವಾದ ಇಂಥ ಸೇವೆ ಟ್ರಿಣ್ ಟ್ರಿಣ್ ಸ್ಮಾರ್ಟ್ ಕಾರ್ಡ್ ಮೇಲೆ ನಡೆದದ್ದು. ಗುರುತಿನ ಚೀಟಿ ತೋರಿಸಿ ಕಾರ್ಡ್ ಪಡೆದು, ನಿಲ್ದಾಣದ ಯಂತ್ರಕ್ಕೆ ಹಿಡಿದರೆ ಬೀಗ ಬಿಡುತ್ತಿತ್ತು. ಅಮೆರಿಕದ ಫಿಲಡೆಲ್ಫಿಯಾದ ಇಂಡಿಗೋ ಸೈಕಲ್ ಸೇವೆ 2015ರಲ್ಲಿ ಶುರುವಾದಾಗಲೇ ನಗದಿಗೂ ದಾರಿ ಇಟ್ಟಿತ್ತು: ಅಂಗಡಿಯಲ್ಲಿ ಬಾರ್‌ಕೋಡ್ ತೋರಿಸಿ ದುಡ್ಡು ಕಟ್ಟಬಹುದಿತ್ತು.

ಕಳ್ಳತನದ ಮಾತು ಇನ್ನೂ ಸೂಕ್ಷ್ಮ. 2017ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕಳವು ಹೆಚ್ಚಿ ಸೇವೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಪರಿಹಾರವಾಗಿ ಬದಲಿಸಿದ್ದು ಬೀಗವನ್ನು, ಬಡಾವಣೆಯನ್ನಲ್ಲ. ಸವಾರರೂ ಒಂದು ತಪ್ಪು ಮಾಡುತ್ತಾರೆ. ಮುಂದಿನ ಚಕ್ರವನ್ನು ಡಾಕ್‌ಗೆ (ನಿಲ್ದಾಣದಲ್ಲಿ ಸೈಕಲ್ ಸಿಕ್ಕಿಸಿ ಬೀಗ ಬೀಳಿಸುವ ಜಾಗ) ಪೂರ್ತಿ ತಳ್ಳದೆ ಹೊರಡುತ್ತಾರೆ. ಬೀಗ ಕೂರದಿದ್ದರೆ ಸೈಕಲ್ ಯಾರ ಕೈಗಾದರೂ ಸಿಗುತ್ತದೆ, ನಿಮ್ಮ ಬಾಡಿಗೆಯೂ ಓಡುತ್ತಲೇ ಇರುತ್ತದೆ. ಹಸಿರು ದೀಪ ಕಂಡ ಮೇಲೂ ಒಮ್ಮೆ ಹಿಂದಕ್ಕೆ ಎಳೆದು ನೋಡಿ.

ನಿಜವಾದ ತೊಡಕು ಬೇರೆಯೇ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಊರ ನಡುವಿನ ಸೂಪರ್ ಮಾರ್ಕೆಟ್ ಕಡೆ ಹೋದರೆ ಹತ್ತರ ಹೊತ್ತಿಗೆ ಹೊರವಲಯದ ನಿಲ್ದಾಣ ಖಾಲಿ. ಲಾರಿಯಲ್ಲಿ ವಾಪಸ್ ತಂದಿಡದಿದ್ದರೆ ಅಲ್ಲಿನವರು ನಂಬಿಕೆ ಕಳೆದುಕೊಳ್ಳುತ್ತಾರೆ. ನಿಲ್ದಾಣಗಳ ನಡುವೆ ಸುಮಾರು 300 ಮೀಟರ್ ಇರಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಿಲೋಮೀಟರ್ ನಡೆದು ಸೈಕಲ್ ಹಿಡಿಯುವವರು ಯಾರು? ಜಾಲಿ ಮುಳ್ಳಿನ ಊರಿಗೆ ಗಾಳಿ ಬೇಡದ ಗಟ್ಟಿ ಟೈರೇ ಲೇಸು, ಸವಾರಿ ಸ್ವಲ್ಪ ಕುಲುಕಿದರೂ ಸರಿ.