ಮೆದೆ ಕರಗುವ ಕಾಲ

ನಮ್ಮ ತಾತ ಬೇಸಿಗೆಯಲ್ಲಿ ದಿನ ಎಣಿಸುತ್ತಿದ್ದುದು ಹುಲ್ಲಿನ ಮೆದೆ ನೋಡಿ. ಸಂಕ್ರಾಂತಿ ಹೊತ್ತಿಗೆ ಕಣದ ಕೆಲಸ ಮುಗಿದು ಹಿತ್ತಲಲ್ಲಿ ರಾಗಿ ಹುಲ್ಲು ಒಟ್ಟಿದಾಗ ಅದು ಮನೆಗಿಂತ ಎತ್ತರ. ಯುಗಾದಿಗೆ ಸೂರಿನ ಮಟ್ಟ. ನಮಗೆ ಪರೀಕ್ಷೆ ಮುಗಿಯುವಷ್ಟರಲ್ಲಿ ಒಂದು ಮಗ್ಗುಲು ಹಿರಿದು ಹಿರಿದು ಗುಹೆ ಆಗಿರುತ್ತಿತ್ತು. ತಾತ ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲೇ ಅದರ ಮುಂದೆ ನಿಂತು, "ಭರಣಿ ತನಕ ಬಂದೀತು" ಅನ್ನುತ್ತಿದ್ದರು. ಭರಣಿ ಮಳೆ ಹುಟ್ಟುವುದು ಏಪ್ರಿಲ್ ಕೊನೆಗೆ. ಅದು ಸುರಿಯುತ್ತೋ ಇಲ್ಲವೋ ತಾತನ ಕೈಲಿರಲಿಲ್ಲ. ಹುಲ್ಲು ಮಾತ್ರ ಇತ್ತು. ಅದಕ್ಕೇ ನಾವು ಹುಲ್ಲು ಹಿರಿಯಲು ಹೋದರೆ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು.

"ಅಷ್ಟೊಂದು ಯಾಕ್ಲಾ ಹಿರೀತೀಯ? ಮೆದೆ ನಿಮ್ಮಪ್ಪಂದಾ?"

ಅಪ್ಪಂದೇ ಆಗಿತ್ತು. ಹೇಳುವ ಧೈರ್ಯ ಇರಲಿಲ್ಲ.

ನಮ್ಮದು ತಿಪಟೂರು ಸೀಮೆ. ಕೊಟ್ಟಿಗೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಮೂರು ನಾಟಿ ಹಸು, ಒಂದು ಎಮ್ಮೆ. ಶಾಲೆಗೆ ರಜ ಅಂದರೆ ಇವಕ್ಕೆಲ್ಲ ಹೊಸ ಆಳು ಸಿಕ್ಕ ಹಾಗೆ. ಸೂರ್ಯ ಹುಟ್ಟುವ ಮೊದಲೇ ಸಗಣಿ ಬಾಚಿ ಮಂಕರಿಯಲ್ಲಿ ತಿಪ್ಪೆಗೆ ಹೊರಬೇಕು. ದೊಡ್ಡವರು ಹಳೆಯ ತಿಪ್ಪೆ ಅಗೆದು ಗಾಡಿಯಲ್ಲಿ ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದರು. ನಮಗೆ ಇಷ್ಟದ ಕೆಲಸ ಒಂದೇ, ದನದ ಮೈಗೆ ಕಚ್ಚಿಕೊಂಡ ಉಣ್ಣೆ ಹುಳ ಕೀಳುವುದು. ಬಿಸಿಲು ಏರಿದಂತೆ ದನದ ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ ಉಣ್ಣೆ ಜಾಸ್ತಿ. ಕಿತ್ತು ಸೀಮೆಎಣ್ಣೆ ಹಾಕಿದ ಕರಟಕ್ಕೆ ಹಾಕಬೇಕು. ಕೂಲಿ ಒಂದು ಚೂರು ಬೆಲ್ಲ. ನಮ್ಮ ಹಸು ಕೆಂದಿಗೆ ಆ ಸುಖ ಎಷ್ಟಿತ್ತೆಂದರೆ ಕತ್ತು ಉದ್ದ ಮಾಡಿ ಕಣ್ಣು ಮುಚ್ಚಿಬಿಡುತ್ತಿತ್ತು. ನಿಲ್ಲಿಸಿದರೆ ಮೂತಿಯಿಂದ ತಿವಿಯುತ್ತಿತ್ತು. ಬೆಲ್ಲ ಕೊಡುವವರಿಗಿಂತ ಅದಕ್ಕೇ ನಮ್ಮ ಬೆಲೆ ಗೊತ್ತಿತ್ತು.

ಬೆಳಗಿನ ಹೊತ್ತು ದನ ಕೆರೆಯಂಗಳಕ್ಕೆ. ನೀರು ಹಿಂದೆ ಸರಿದ ಕಡೆ ಕೆಸರಿನ ತೇವಕ್ಕೆ ಗರಿಕೆ ಎದ್ದಿರುತ್ತಿತ್ತು. ಇದು ನಮ್ಮೂರಿನವರ ಜಾಣತನ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಓದಿದಾಗ ತಿಳಿಯಿತು, ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗೂ ಇದೇ ಏರ್ಪಾಡು. ಚಿಕ್ಕದೇವರಾಜ ಒಡೆಯರ ಕಾಲದ ಅರಮನೆ ದನಗಳ ಇಲಾಖೆ 'ಬೆಣ್ಣೆ ಚಾವಡಿ'ಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಆ ದನಗಳು ಮೇಯಲು ಮೀಸಲಿಟ್ಟ ಕಾವಲುಗಳಲ್ಲಿ ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು ಅಂತ ಮೂರು ಬಗೆ. ಬೇಸಿಗೆ ಕಾವಲು ಹೆಚ್ಚಾಗಿ ಕೆರೆಯಂಗಳವೇ. ನೆರಳಿಗೆ ಮರ, ಬಾಯಿಗೆ ಹುಲ್ಲು. ದೊರೆಗಳು ಊಟಿಗೆ ಹೋದರು, ಎತ್ತುಗಳು ಕೆರೆಗೆ ಹೋದವು. ಯಾರಿಗೆ ಜಾಸ್ತಿ ಸುಖ ಇತ್ತೋ!

ಆಮೇಲೆ ಮನೆಗೆ ಸೀಮೆಹಸು ಬಂತು. ಬಂದಿದ್ದೇ ಮಾರ್ಚಿಯಲ್ಲಿ. ನಾಟಿ ಹಸು ಹುಣಸೆ ಮರದ ಕೆಳಗೆ ಆರಾಮಾಗಿ ಮೆಲುಕು ಹಾಕುತ್ತಿದ್ದರೆ ಇದು ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ನೀರು ಕೊಡ ಕೊಡ ಕುಡಿಯುತ್ತಿತ್ತು, ಹಾಲು ಮಾತ್ರ ದಿನದಿನಕ್ಕೆ ಇಳಿಯಿತು. ದನದ ಡಾಕ್ಟರು ಬಂದು, "ಒಣಹುಲ್ಲು ಹೊಟ್ಟೆಯಲ್ಲಿ ಹುಳಿಯುವಾಗ ಮೈ ಇನ್ನೂ ಬಿಸಿಯಾಗುತ್ತೆ, ಅದಕ್ಕೇ ಮಧ್ಯಾಹ್ನ ತಿನ್ನಲ್ಲ. ರಾತ್ರಿ ಹಾಕಿ" ಅಂದರು. ಅಜ್ಜಿಗೆ ಥಟ್ಟನೆ ಅರ್ಥವಾಯಿತು. "ಹೊಟ್ಟೇಲೇ ಒಲೆ ಇಟ್ಕೊಂಡು ಬಂದವಳೆ ಅನ್ನಿ!" ಅಂದರು. ಅವತ್ತಿನಿಂದ ರಾತ್ರಿ ಹತ್ತಕ್ಕೆ ಲಾಂದ್ರ ಹಿಡಿದು ಹುಲ್ಲು ಹಿರಿಯುವ ಕೆಲಸ ನನ್ನದು. ಆ ಗುಹೆಯೊಳಗೆ ಹಾವು ಇರಬಹುದು ಅಂತ ಹೆದರಿ ನಾನು ಹಾಡು ಹೇಳಿಕೊಂಡು ಹಿರಿಯುತ್ತಿದ್ದೆ. ಹಾವಿಗೆ ಕಿವಿ ಕೇಳಲ್ಲ ಅಂತ ಅಣ್ಣ ಅಂದ ಮೇಲೆ ಕಾಲು ನೆಲಕ್ಕೆ ಬಡಿದುಕೊಂಡು ಹಿರಿದೆ.

ಒಂದು ವರ್ಷ ಭರಣಿ ಕೈ ಕೊಟ್ಟಿತು. ಮೆದೆ ಸೊಂಟದ ಮಟ್ಟಕ್ಕೆ ಇಳಿಯಿತು, ಆಮೇಲೆ ಮಂಡಿಗೆ. ತಾತ ಮಾತು ಕಮ್ಮಿ ಮಾಡಿದರು. ಒಂದು ತಬ್ಬು ಕೊಡುವ ಕಡೆ ಅರ್ಧ ತಬ್ಬು. ಬಾಳೆ ದಿಂಡು ಕೊಚ್ಚಿ ಹಾಕಿದೆವು, ಹಲಸಿನ ಸೊಪ್ಪು ಕಡಿದೆವು. ಎತ್ತುಗಳ ಪಕ್ಕೆಲುಬು ಎಣಿಸುವ ಹಾಗಾಯಿತು. ಕೊನೆಗೆ ಕೃತ್ತಿಕೆ ಮಳೆ ಒಂದು ಸಂಜೆ ಗುಡುಗಿಕೊಂಡು ಬಂದು ಹೆಂಚು ಹಾರಿಸಿ ಹೋಯಿತು.

ವಾರದಲ್ಲಿ ಬದುವೆಲ್ಲ ಹಸಿರು. ಮೇಯ್ದು ಬಂದ ಕೆಂದಿಗೆ ಆ ರಾತ್ರಿ ತಾತನೇ ಹುಲ್ಲು ಹಾಕಿದರು, ಹಿಡಿ ಹಿಡಿ ಲೆಕ್ಕ ಹಾಕಿ ಉಳಿಸಿದ್ದ ಹುಲ್ಲು. ಅದು ಮೂಸಿ ನೋಡಿತು. ಮೂತಿಯಿಂದ ಗೊಂತಿನ ಹೊರಕ್ಕೆ ತಳ್ಳಿತು. ಆಮೇಲೆ ಅದರ ಮೇಲೆಯೇ ಮಲಗಿತು.

"ಬಂತು ನೋಡು ಕೊಬ್ಬು" ಅಂದರು ತಾತ.

ಮಾರನೆಯ ಬೆಳಗ್ಗೆ ಅವರು ಮೆದೆಯ ಮುಂದೆ ನಿಲ್ಲಲಿಲ್ಲ. ಅಟ್ಟದ ಮೇಲೆ ನೇಗಿಲು ಹುಡುಕುತ್ತಿದ್ದರು.