ಗುಂಡಿ ಹಾಕಿಕೊಳ್ಳಲು ಎಷ್ಟು ಗಂಟೆ ಮಲಗಬೇಕು?

ನನ್ನ ಸೋದರಮಾವ ಖಜಾನೆಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತರಾಗಿದ್ದವರು. ತಾಲ್ಲೂಕಿನ ಬಿಲ್ಲುಗಳೆಲ್ಲ ಅವರ ಮೇಜು ದಾಟಿಯೇ ಮುಂದೆ ಹೋಗಬೇಕಿತ್ತು. ದಾಟಿದವುಗಳಿಗಿಂತ ಬಂದ ದಾರಿಗೆ ಸುಂಕವಿಲ್ಲದೆ ಮರಳಿದವೇ ಹೆಚ್ಚು ಎಂಬುದು ಇಂದಿಗೂ ಅವರ ಹೆಮ್ಮೆ. ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಆಕ್ಷೇಪಣೆ’ ಎಂದು ಬರೆದು, ಕೆಳಗೆ ಗೆರೆ ಎಳೆದು, ಬಾಲ ಸುತ್ತಿದ ಸಹಿಯೊಂದನ್ನು ಜಡಿದರೆ ಯಾವ ಮೇಷ್ಟರ ಪ್ರಯಾಣ ಭತ್ಯೆಯೂ ಮೂರು ತಿಂಗಳು ಅಲುಗಾಡುತ್ತಿರಲಿಲ್ಲ.

ಕಳೆದ ವರ್ಷ ಹೊಸತೊಡಕಿನ ಬೆಳಿಗ್ಗೆ ಆ ಸಹಿಯ ಕೈಯೇ ಅಲುಗಾಡದೆ ನಿಂತಿತು. ಕಾಫಿ ಲೋಟಕ್ಕೆ ಕೈ ಚಾಚಿದರೆ ಬೆರಳುಗಳು ಮಾತು ಕೇಳಲಿಲ್ಲ. ಪಾರ್ಶ್ವವಾಯು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ನಾಲಿಗೆ ಮೊದಲಿನಷ್ಟೇ ಚುರುಕಾಗಿ, ಬಲಗೈಯನ್ನು ಮಾತ್ರ ಯಾರದೋ ಸಾಮಾನು ಹೊತ್ತು ತಂದವರಂತೆ ಎಡಗೈಯಲ್ಲಿ ಹಿಡಿದುಕೊಂಡು ಮನೆಗೆ ಬಂದರು.

ಆ ಒಂಬತ್ತು ದಿನಗಳ ಖರ್ಚನ್ನು ವಿಮಾ ಕಂಪನಿ ತುಟಿಪಿಟಕ್ಕೆನ್ನದೆ ಕೊಟ್ಟಿತು. ಮಲಗಿದ್ದರಲ್ಲ! ನಮ್ಮ ಆರೋಗ್ಯ ವಿಮೆಗೆ ಮಲಗಿದ ಮನುಷ್ಯನ ಮೇಲೆ ವಿಶೇಷ ಮಮತೆ. ಕನಿಷ್ಠ 24 ಗಂಟೆ ಆಸ್ಪತ್ರೆಯ ಹಾಸಿಗೆಯಲ್ಲಿ ಅಡ್ಡಲಾಗಿರಬೇಕು ಎಂಬುದು ಅದರ ಮೂಲಮಂತ್ರ. ಕಣ್ಣಿನ ಪೊರೆ, ಡಯಾಲಿಸಿಸ್ ಮುಂತಾದ ಕೆಲವಕ್ಕೆ ರಿಯಾಯಿತಿ ಉಂಟು. ಆದರೆ ಎದ್ದು ಕುಳಿತು, ಹಲ್ಲು ಕಚ್ಚಿ, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಅರವತ್ತೇಳನೆಯ ವಯಸ್ಸಿನಲ್ಲಿ ಎರಡನೆಯ ಬಾರಿ ಕಲಿಯುವವನನ್ನು ಏನೆಂದು ಕರೆಯಬೇಕೋ ಅದಕ್ಕೆ ತಿಳಿಯುವುದಿಲ್ಲ. ಎದ್ದು ಕುಳಿತಿದ್ದಾನೆ, ಅಂದಮೇಲೆ ಆರೋಗ್ಯವಾಗಿಯೇ ಇರಬೇಕು.

ಗುಂಡಿ ಕಲಿಸಲು ಬಂದವಳು ಔದ್ಯೋಗಿಕ ಚಿಕಿತ್ಸೆ, ಅಂದರೆ ಆಕ್ಯುಪೇಷನಲ್ ಥೆರಪಿ, ಓದಿದ ಒಬ್ಬ ಹುಡುಗಿ. ನಾಲ್ಕೂವರೆ ವರ್ಷದ ಪದವಿ. ಚೀಲದಿಂದ ಏನಾದರೂ ಮಿಣುಕುವ ಯಂತ್ರ ಹೊರಬರುತ್ತದೆಂದು ನಾವೆಲ್ಲ ಕಾದಿದ್ದೆವು. ಅವಳು, “ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಿದ್ದಿರಿ, ಹೇಳಿ” ಎಂದು ಕೇಳಿ ಬರೆದುಕೊಂಡಳು. ಆಮೇಲೆ ಅಟ್ಟದ ಮೇಲಿದ್ದ ಅಳಗುಳಿ ಮಣೆಯನ್ನು ಇಳಿಸಲು ಹೇಳಿದಳು. ಹುಣಸೆ ಬೀಜವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎತ್ತಿ ಮುಂದಿನ ಮನೆಗೆ ಬಿಡಬೇಕು. ಮೊದಲ ದಿನ ಮಾವ ಅರ್ಧ ಗಂಟೆಯಲ್ಲಿ ಎರಡು ಬೀಜ ಎತ್ತಿದರು. ಹನ್ನೊಂದು ಬೀಜ ಸೋಫಾದ ಕೆಳಗೆ ಹೋದವು. ಅಂಗಿ ತೊಡುವಾಗ ಸೋತ ಕೈ ಮೊದಲು ತೋಳಿನೊಳಗೆ ಹೋಗಬೇಕು, ಬಿಚ್ಚುವಾಗ ಅದೇ ಕೊನೆಗೆ ಬರಬೇಕು ಎಂಬುದನ್ನೂ ಅವಳೇ ಕಲಿಸಿದಳು. ಅಷ್ಟು ದಿನ ನಮ್ಮತ್ತೆ ತಿರುಗಾಮುರುಗಾ ಎಳೆದು ಎರಡು ಅಂಗಿಗಳನ್ನು ಹರಿದಿದ್ದರು.

ಪ್ರತಿ ಸಲ ಅವಳು ಒಂದು ಟಿಪ್ಪಣಿ ಬರೆಯುತ್ತಿದ್ದಳು. “ಐದು ಗುಂಡಿಗಳಲ್ಲಿ ಮೂರನ್ನು ನಾಲ್ಕು ನಿಮಿಷದಲ್ಲಿ ಹಾಕಿದರು. ಮೇಲಿನ ಎರಡಕ್ಕೆ ನೆರವು ಬೇಕಾಯಿತು. ಸಿಟ್ಟು ಮಾಡಿಕೊಂಡರು.” ‘ಸುಧಾರಿಸುತ್ತಿದ್ದಾರೆ’ ಎಂದು ಒಂದೇ ಮಾತಿನಲ್ಲಿ ಬರೆದು ಕೈತೊಳೆದುಕೊಳ್ಳಬಹುದಿತ್ತಲ್ಲ ಎಂದೆ. “ಯಾವ ಗುಂಡಿ ಎಂದು ಬರೆಯದಿದ್ದರೆ ನಾಳೆ ಎಲ್ಲಿಂದ ಶುರು ಮಾಡಲಿ?” ಎಂದಳು. ಮಾವನಿಗೆ ಈ ಟಿಪ್ಪಣಿಗಳು ಬಹಳ ಹಿಡಿಸಿದವು. ಕಡತವೆಂದರೆ ಹೀಗಿರಬೇಕು ಎಂದರು.

ಮುಖ್ಯ ಕಥೆ ಇಲ್ಲಿಂದ ಶುರು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ 60 ದಿನಗಳವರೆಗಿನ ಖರ್ಚನ್ನು ಕೊಡುತ್ತೇವೆ ಎಂದು ಪಾಲಿಸಿಯಲ್ಲಿ ಬರೆದಿತ್ತು. ಕ್ಲಿನಿಕ್ ಕೊಟ್ಟ ಬಿಲ್ಲಿನಲ್ಲಿ ‘ಓಟಿ – 12’ ಎಂದಿತ್ತು. ಕಳಿಸಿದೆವು. ಹದಿನೈದು ದಿನಗಳ ಮೇಲೆ ಉತ್ತರ ಬಂತು: ಹನ್ನೆರಡೂ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ವೈದ್ಯರ ಹೆಸರು, ಅರಿವಳಿಕೆಯ ವಿವರ ಮತ್ತು ರೋಗಿಯ ಒಪ್ಪಿಗೆ ಪತ್ರಗಳನ್ನು ಲಗತ್ತಿಸಿ. ಓಟಿ ಎಂದರೆ ಅವರಿಗೆ ಆಪರೇಷನ್ ಥಿಯೇಟರ್! ಎರಡು ತಿಂಗಳೊಳಗೆ ಹನ್ನೆರಡು ಸಲ ಕೊಯ್ಯಿಸಿಕೊಂಡೂ ಬದುಕಿರುವ ಮನುಷ್ಯನ ಬಗ್ಗೆ ಅವರಿಗೆ ಆಶ್ಚರ್ಯವೇನೂ ಆಗಿರಲಿಲ್ಲ, ಕಾಗದ ಕಡಿಮೆಯಾಗಿತ್ತು, ಅಷ್ಟೆ. ನಮ್ಮ ಪಕ್ಕದ ಮನೆಯ ಕಾರ್ಖಾನೆ ನೌಕರರು ಬಿಲ್ಲು ನೋಡಿ, “ಓವರ್‌ಟೈಮಿಗೆ ದುಡ್ಡು ನಾವು ತೆಗೆದುಕೊಳ್ಳಬೇಕು, ನೀವೇಕೆ ಕೊಡುತ್ತೀರಿ?” ಎಂದರು.

ಇದು ಆಪರೇಷನ್ ಅಲ್ಲ, ಆಕ್ಯುಪೇಷನಲ್ ಥೆರಪಿ ಎಂದು ಬಿಡಿಸಿ ಬರೆದೆವು. ಮತ್ತೆ ಹತ್ತು ದಿನ. ಈ ಸಲ ಫೋನು ಬಂತು. ಅತ್ತಲಿನ ದನಿ ಬಹಳ ಮರ್ಯಾದೆಯದು.

“ಸರ್, ರೋಗಿಯ ಉದ್ಯೋಗ ಏನು?”

“ನಿವೃತ್ತರು.”

“ನಿವೃತ್ತರಾದ ಮೇಲೆ ಔದ್ಯೋಗಿಕ ಚಿಕಿತ್ಸೆ ಏಕೆ ಸರ್?”

ನಾನು ಸುಸ್ತಾದೆ. ಪಕ್ಕದಲ್ಲಿ ಕುಳಿತಿದ್ದ ಮಾವ ಮಾತ್ರ ತಲೆದೂಗಿದರು. “ಪಾಯಿಂಟು ಇದೆ” ಎಂದರು.

ಸ್ನಾನ, ಊಟ, ಮುದ್ದೆ ಮುರಿಯುವುದು, ಬಚ್ಚಲಿನ ಚಿಲಕ ಹಾಕುವುದು, ಮೊಮ್ಮಗಳ ಜಡೆ ಎಳೆಯುವುದು, ಹೀಗೆ ಮನುಷ್ಯನ ದಿನವನ್ನು ತುಂಬುವುದೆಲ್ಲ ಈ ಚಿಕಿತ್ಸೆಯ ಲೆಕ್ಕದಲ್ಲಿ ‘ಉದ್ಯೋಗ’ವೇ ಎಂದು ಆ ದನಿಗೆ ಹೇಳಿದೆ. ಅದು, “ಆಯಿತು ಸರ್, ಚಿಕಿತ್ಸಕರ ನೋಂದಣಿ ಸಂಖ್ಯೆ ಕೊಡಿ” ಎಂದಿತು.

ಸಂಖ್ಯೆಯ ವಿಚಾರ ಕೇಳಿದಾಗ ಹುಡುಗಿ ನಕ್ಕಳು. ಅವಳ ಬಳಿ ವಿಶ್ವವಿದ್ಯಾಲಯದ ಪದವಿ ಪತ್ರವಿತ್ತು, ಅಖಿಲ ಭಾರತ ಸಂಘದ ಸದಸ್ಯತ್ವವಿತ್ತು. ಕಂಪನಿಗೆ ಬೇಕಾದದ್ದು ಸರ್ಕಾರ ಕೊಟ್ಟ ಸಂಖ್ಯೆ. ಇದರ ಚರಿತ್ರೆ ಸ್ವಾರಸ್ಯಕರ. ಅಮೆರಿಕದಲ್ಲಿ ಹುಟ್ಟಿ ಇಲ್ಲಿನ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಔದ್ಯೋಗಿಕ ಚಿಕಿತ್ಸೆಯ ಶಾಲೆ ತೆರೆದದ್ದು 1950ರಲ್ಲಿ. 1952ರಲ್ಲಿ ಈ ವೃತ್ತಿಯ ವಿಶ್ವ ಒಕ್ಕೂಟ ಹುಟ್ಟಿದಾಗ ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಜಗತ್ತಿಗೆ ಒಕ್ಕೂಟ ಕಟ್ಟಿಕೊಟ್ಟು ಬಂದ ನಾವು ಮನೆಯಲ್ಲಿ ಒಂದು ರಿಜಿಸ್ಟರ್ ಪುಸ್ತಕ ತೆರೆಯುವುದನ್ನು ಮರೆತೆವು. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮ ಮಟ್ಟಿಗೆ ಕಾಯ್ದೆ ಮಾಡಿಕೊಂಡವು. ಇಡೀ ದೇಶಕ್ಕೆಂದು ಸಂಸತ್ತು ಕಾಯ್ದೆ ಮಾಡಿದ್ದು 2021ರಲ್ಲಿ. ಮೊದಲ ಶಾಲೆ ತೆರೆದು ಅಷ್ಟರಲ್ಲಿ 71 ವರ್ಷವಾಗಿತ್ತು. ಆ ಶಾಲೆಯಿಂದ ಹೊರಬಂದ ಮೊದಲ ತಂಡದವರಿಗೆ ಅಷ್ಟು ಹೊತ್ತಿಗೆ ಗುಂಡಿ ಹಾಕಲು ಬೇರೆ ಯಾರಾದರೂ ಬೇಕಾಗಿದ್ದಿರಬಹುದು.

ಕಾಯ್ದೆ ಬಂದಿತು ಅಂದಮಾತ್ರಕ್ಕೆ ಪುಸ್ತಕ ತೆರೆಯಿತೆಂದು ತಿಳಿಯುವವರು ಖಜಾನೆಯ ಮೆಟ್ಟಿಲು ಹತ್ತಿದವರಲ್ಲ. ಜಾರಿಯಾದ ಆರು ತಿಂಗಳಲ್ಲಿ ರಾಜ್ಯಗಳು ಈ ಪುಸ್ತಕ ಇಡುವ ಪರಿಷತ್ತು ರಚಿಸಬೇಕು ಎಂದು ಅದರಲ್ಲೇ ಬರೆದಿತ್ತು. ರಾಜ್ಯಗಳು ಬರೆದದ್ದನ್ನು ಓದಿದವು, ಓದಿ ಮಡಚಿಟ್ಟವು. 2024ರ ಆಗಸ್ಟ್ 12ರಂದು ಸುಪ್ರೀಂ ಕೋರ್ಟೇ ಎದ್ದು, ಅಕ್ಟೋಬರ್ 12ರೊಳಗೆ ಕಾಯ್ದೆಯನ್ನು ಜಾರಿಗೊಳಿಸಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಬೇಕಾಯಿತು. ನಮ್ಮ ಹುಡುಗಿ ಹುಣಸೆ ಬೀಜಕ್ಕೂ ಇಷ್ಟು ದೀರ್ಘ ಗಡುವು ಕೊಟ್ಟವಳಲ್ಲ.

ನಮ್ಮ ಬೀದಿಯ ಆಟೋ ಚಾಲಕನಿಗೆ ಬ್ಯಾಡ್ಜ್ ಇದೆ. ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿ, ಎಲ್ಲೋ ಮೂರು ದಿನದ ಶಿಬಿರಕ್ಕೆ ಹೋಗಿಬಂದು, ಬಣ್ಣದ ಚೆಂಡುಗಳನ್ನು ತುಂಬಿದ ಕೋಣೆಯಲ್ಲಿ ಮಕ್ಕಳಿಗೆ ‘ಥೆರಪಿ’ ಕೊಡುತ್ತಿರುವ ಮಹಾಶಯರಿಗೆ ಬ್ಯಾಡ್ಜ್ ಇಲ್ಲ. ನಾಲ್ಕೂವರೆ ವರ್ಷ ಓದಿದ ಇವಳಿಗೂ ಇಲ್ಲ. ಸಮಾನತೆ ಎಂದರೆ ಇದೇ.

ಪುಸ್ತಕ ತೆರೆಯದಿದ್ದರೇನಂತೆ, ಹೆಸರಿನ ಹಿಂದೆ ‘ಡಾ.’ ಬರೆದುಕೊಳ್ಳಬಹುದೇ ಎಂಬ ಮಹಾಯುದ್ಧ ಮಾತ್ರ ನಡೆಯುತ್ತಲೇ ಇದೆ. ವೃತ್ತಿಯಲ್ಲಿ ಇವರ ಪಕ್ಕದ ಮನೆಯವರಾದ ಫಿಸಿಯೋಥೆರಪಿಸ್ಟ್‌ಗಳು ಹಾಗೆ ಬರೆದುಕೊಳ್ಳುವಂತಿಲ್ಲ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್ 9ರಂದು ಪತ್ರ ಹೊರಡಿಸಿತು. ಮರುದಿನವೇ ಹಿಂದಕ್ಕೆ ಪಡೆಯಿತು. 24 ಗಂಟೆಯಾದರೂ ಹಾಸಿಗೆಯಲ್ಲಿತ್ತೋ ಇಲ್ಲವೋ, ಆ ಪತ್ರಕ್ಕೂ ಕ್ಲೇಮ್ ಸಿಗುವುದು ಕಷ್ಟ.

ಇಷ್ಟರಲ್ಲಿ ಹುಡುಗಿ ಮಾವನ ಮಣಿಕಟ್ಟು ಬಾಗದಂತೆ ಒಂದು ಸ್ಪ್ಲಿಂಟ್ ಮಾಡಿಕೊಟ್ಟಿದ್ದಳು. ಅವಳ ವೃತ್ತಿಗೆ ಸ್ಪ್ಲಿಂಟ್ ಎಂದರೆ ಬಡಗಿಗೆ ಉಳಿ ಇದ್ದ ಹಾಗೆ. ಅದರ ಬಿಲ್ಲು ವಾಪಸು ಬಂತು, ಜೊತೆಗೆ ಪಾಲಿಸಿಯ ಹಿಂಭಾಗದ ಪಟ್ಟಿಯ ಜೆರಾಕ್ಸ್. ಅಂಥದ್ದೊಂದು ಪಟ್ಟಿ ನಿಮ್ಮ ಪಾಲಿಸಿಯಲ್ಲೂ ಇರುತ್ತದೆ, ತೆಗೆದು ನೋಡಿ. 68 ಬಾಬತ್ತುಗಳು. ಇವುಗಳಿಗೆ ದುಡ್ಡು ಕೊಡುವುದೂ ಬಿಡುವುದೂ ಕಂಪನಿಯ ಚಿತ್ತ. ಮೊದಲನೆಯದು ಮಗುವಿನ ಆಹಾರ. ಸ್ವಲ್ಪ ಕೆಳಗೆ ಸೌಂದರ್ಯ ಸೇವೆ. ಇನ್ನೂ ಕೆಳಗೆ ಬಟ್ಟೆ ಒಗೆತ, ಮಿನರಲ್ ವಾಟರ್, ಟಿ.ವಿ. ಶುಲ್ಕ. ಅದೇ ಸಾಲಿನಲ್ಲಿ, ಆಸ್ಪತ್ರೆಯಲ್ಲಿ ಕುಳಿತು ಟಿ.ವಿ. ನೋಡಿದ ತಪ್ಪಿಗೆ ಸಮನಾಗಿ, ತೋಳಿನ ಜೋಲಿ, ನಡೆಯಲು ಊರುಗೋಲು ಮತ್ತು ಸ್ಪ್ಲಿಂಟ್. ಪಾರ್ಶ್ವವಾಯು ಬಡಿದವನು ಕೈ ಸೆಟೆದುಕೊಳ್ಳದಂತೆ ನೋಡಿಕೊಳ್ಳುವುದು ಒಂದು ಶೋಕಿ! ಫೇಶಿಯಲ್ ಮಾಡಿಸಿಕೊಂಡ ಹಾಗೆ. ಮಾವ ಪಟ್ಟಿಯನ್ನು ಎರಡು ಸಲ ಓದಿದರು. ಅವರ ಕಾಲದಲ್ಲಿ ಇಂಥ ಪಟ್ಟಿ ಇದ್ದಿದ್ದರೆ ಎಷ್ಟು ಶ್ರಮ ಉಳಿಯುತ್ತಿತ್ತು ಎಂದು ನಿಟ್ಟುಸಿರು ಬಿಟ್ಟರು.

ಕೊನೆಗೆ ಪಾಲಿಸಿ ಮಾಡಿಸಿದ ಏಜೆಂಟರೇ ಮನೆಗೆ ಬಂದರು. ಕಾಫಿ ಕುಡಿದು ದನಿ ತಗ್ಗಿಸಿ, “ಒಂದು ರಾತ್ರಿ ಅಡ್ಮಿಟ್ ಮಾಡಿಸಿಬಿಡಿ. ತಲೆಸುತ್ತು ಎಂದು ಬರೆಸೋಣ. ಗುಂಡಿಗಿಂಡಿ ಎಲ್ಲ ಅದರೊಳಗೆ ಸೇರಿಹೋಗುತ್ತದೆ” ಎಂದರು. ತಾರೀಖುಗಳನ್ನು ಹೊಂದಿಸಿ ಹಳೆಯ ಟಿಪ್ಪಣಿಗಳನ್ನು ಹೊಸದಾಗಿ ಬರೆದುಕೊಡಲು ಹುಡುಗಿಗೂ ಹೇಳಿದರು. ಅವಳು ಆಗುವುದಿಲ್ಲ ಎಂದಳು. ಏಜೆಂಟರು ಅವಳನ್ನು ಲೋಕಜ್ಞಾನವಿಲ್ಲದ ಮಗುವಿನಂತೆ ನೋಡಿದರು.

ಅವಳಿಗೆ ಇದೇನೂ ಹೊಸದಲ್ಲವಂತೆ. ಹಿಂದಿನ ತಿಂಗಳು ಒಬ್ಬ ತಾಯಿ ಒಂದೇ ಮಗುವಿಗೆ ಎರಡು ವರದಿ ಕೇಳಿದ್ದರು. ಶಾಲೆಗೆ ಕೊಡುವುದರಲ್ಲಿ ‘ಹುಡುಗ ಎಲ್ಲರಂತೆ ಕೂರುತ್ತಾನೆ, ಬರೆಯುತ್ತಾನೆ’ ಎಂದಿರಬೇಕು, ಇಲ್ಲದಿದ್ದರೆ ಸೀಟಿಲ್ಲ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಕೊಡುವುದರಲ್ಲಿ ‘ಏನೂ ಮಾಡಲಾರ’ ಎಂದಿರಬೇಕು, ಶೇ 40 ಮುಟ್ಟದಿದ್ದರೆ ಸವಲತ್ತಿಲ್ಲ. ಆ ತಾಯಿ ಸುಳ್ಳಿಯಲ್ಲ. ಎರಡು ಕಚೇರಿಗಳ ನಡುವೆ ಒಂದೇ ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದವಳು. ಹುಡುಗಿ ಒಂದೇ ವರದಿ ಬರೆದಳು, ಯಾವ ಅಕ್ಷರದಲ್ಲಿ ಪೆನ್ಸಿಲು ಜಾರುತ್ತದೆ ಎಂಬುದರ ಸಮೇತ. ಎರಡು ಕಡೆಯೂ ಅದು ಕೆಲಸಕ್ಕೆ ಬರಲಿಲ್ಲವಂತೆ.

ಪತ್ರ ವ್ಯವಹಾರದಲ್ಲೇ 60 ದಿನ ಮುಗಿದವು. ಮಾವನ ಬೆರಳುಗಳಿಗೆ ಪಾಲಿಸಿಯ ಷರತ್ತು ತಿಳಿಯದು. ಅವು ನಿಜವಾಗಿ ಎಚ್ಚರಗೊಂಡದ್ದು ಮೂರನೆಯ ತಿಂಗಳಲ್ಲಿ. ಒಂದು ಬೆಳಿಗ್ಗೆ ಐದನೆಯ ಗುಂಡಿ, ಕುತ್ತಿಗೆಯ ಕೆಳಗಿನ ಆ ಹಟಮಾರಿ ಗುಂಡಿ, ತೂತಿನೊಳಗೆ ಹೋಯಿತು. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಅಂದಿನ ಟಿಪ್ಪಣಿ: “ಐದಕ್ಕೆ ಐದು. ಎರಡೂವರೆ ನಿಮಿಷ. ನೆರವು ಬೇಕಾಗಲಿಲ್ಲ. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು.”

ಅದೇ ವಾರ ಮಾವ ಮೇಜಿನ ಮುಂದೆ ಕುಳಿತು, ಹಾಳೆ ಜಾರದಂತೆ ಸ್ಪ್ಲಿಂಟನ್ನೇ ಅದರ ಮೇಲಿಟ್ಟು, ವಿಮಾ ಕಂಪನಿಗೆ ತಮ್ಮ ಕೈಯಾರೆ ಪತ್ರ ಬರೆದರು. ಹನ್ನೊಂದು ಸಾಲು, ಒಂದು ಮಧ್ಯಾಹ್ನ. ಮೇಲೆ ‘ಆಕ್ಷೇಪಣೆ’, ಕೆಳಗೆ ಸೊಟ್ಟಗೆರೆ. ಕ್ಲೇಮ್ ಫಾರಂ ಹೊಸದಾಗಿ ತುಂಬಿ, ಹನ್ನೆರಡೂ ಟಿಪ್ಪಣಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ದಾರದಿಂದ ಹೊಲಿದು, ಸಹಿ ಹಾಕಿದರು. ಸಹಿಯ ಬಾಲ ಸುತ್ತಲಿಲ್ಲ. ಕೆಳಗೆ ಇಳಿದು ಹಾಗೆಯೇ ನಿಂತಿತು.

ಮೂರು ವಾರಗಳ ಮೇಲೆ ದಪ್ಪ ಲಕೋಟೆ ಬಂತು. ಕಡತ ಹೋದ ಹಾಗೆಯೇ ವಾಪಸಾಗಿತ್ತು, ಹೊಲಿದ ದಾರವೂ ಬಿಚ್ಚಿರಲಿಲ್ಲ. ಮೇಲೊಂದು ಚೀಟಿ: “ಅರ್ಜಿದಾರರ ಸಹಿಯು ನಮ್ಮ ದಾಖಲೆಯಲ್ಲಿರುವ ಸಹಿಯೊಂದಿಗೆ ತಾಳೆಯಾಗುತ್ತಿಲ್ಲ.”

ನಾನು ಕೂಗಾಡಿದೆ. ಮಾವ ಚೀಟಿಯನ್ನು ಬಲಗೈಯಲ್ಲೇ ಹಿಡಿದು ಬೆಳಕಿಗೆ ಒಡ್ಡಿ, ಕನ್ನಡಕ ಸರಿಪಡಿಸಿಕೊಂಡು ನಿಧಾನವಾಗಿ ಓದಿದರು.

“ಸರಿಯಾಗಿಯೇ ಬರೆದಿದ್ದಾರೆ” ಎಂದರು. “ನಾನಾಗಿದ್ದರೆ ಇದನ್ನು ಮೊದಲನೆಯ ಪತ್ರದಲ್ಲೇ ಬರೆಯುತ್ತಿದ್ದೆ.”