ಕಿರುಗಂಟೆ

ಕಥೋಲಿಕ ಚರ್ಚಿನ ಭಾನುವಾರದ ಪೂಜೆಯಲ್ಲಿ ಮನಸ್ಸು ಮೊದಲು ಕೈಕೊಡುವುದು ಸಾಮಾನ್ಯವಾಗಿ ಬೈಬಲಿನ ಎರಡನೇ ವಾಚನದಲ್ಲಿ. ಸಂತ ಪೌಲರ ಪತ್ರದ ವಾಕ್ಯಗಳು ಉದ್ದ. ಒಂದು ವಾಕ್ಯ ದಡ ಸೇರುವಷ್ಟರಲ್ಲಿ ಮನೆಯ ಒಲೆ ಆರಿಸಿತ್ತೋ ಇಲ್ಲವೋ, ದೇವರಾಜ ಮಾರುಕಟ್ಟೆಯಿಂದ ಏನೇನು ತರಬೇಕು, ಮುಂದಿನ ಬೆಂಚಿನವರ ಸೀರೆಯ ಅಂಚು ಯಾವ ಬಣ್ಣ, ಎಲ್ಲವೂ ಒಂದು ಸುತ್ತು ಬಂದಿರುತ್ತದೆ. ಮಂಡ್ಯದ ಕಡೆ ಗದ್ದೆಗೆ ನೀರು ಕಟ್ಟುವವರಿಗೆ ಇದು ಹೊಸದಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟ ದಿನ ಬದುವಿನಲ್ಲಿ ಏಡಿ ತೋಡಿದ ಒಂದು ಬಿಲವಿದ್ದರೂ ಸಾಕು, ನೀರೆಲ್ಲ ಪಕ್ಕದವರ ಪಾಲು. ನೀರನ್ನು ಬೈದು ಪ್ರಯೋಜನವಿಲ್ಲ. ಸನಿಕೆಯಲ್ಲಿ ಒಂದು ಹೆಂಟೆ ಎತ್ತಿ ತೂತಿಗೆ ಒತ್ತಬೇಕು. ಪೂಜೆಯಲ್ಲಿ ಆ ಹೆಂಟೆಯ ಕೆಲಸ ಕಿರುಗಂಟೆಯದು.

ಹಿತ್ತಾಳೆಯ ವಸ್ತು. ಒಂದೇ ಹಿಡಿಗೆ ಮೂರು ನಾಲ್ಕು ಬಟ್ಟಲು ಜೋಡಿಸಿರುವುದೂ ಉಂಟು, ಒಂಟಿ ಗಂಟೆಯೂ ಉಂಟು. ಪೀಠದ ಮೆಟ್ಟಿಲ ಹತ್ತಿರ, ಪೀಠಸೇವೆಯ ಹುಡುಗನ ಕೈಗೆ ಎಟುಕುವಂತೆ ಇಟ್ಟಿರುತ್ತಾರೆ. ಗುರುಗಳು ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಎರಡೂ ಕೈ ಚಾಚಿ ಪವಿತ್ರಾತ್ಮರನ್ನು ಬೇಡುವಾಗ ಒಮ್ಮೆ, ರೊಟ್ಟಿಯನ್ನು ಎತ್ತಿ ತೋರಿಸುವಾಗ ಒಮ್ಮೆ, ಪಾನಪಾತ್ರೆ ಎತ್ತುವಾಗ ಇನ್ನೊಮ್ಮೆ ಅದು ದನಿ ತೆಗೆಯುತ್ತದೆ. ಪ್ರತಿ ಸಲ ಎಷ್ಟು ಏಟು ಎಂಬುದು ಆಯಾ ಊರಿನ ರೂಢಿ. ಮೂರು ಎಂಬುದು ಹೆಚ್ಚು ಕಡೆ.

ಗಂಟೆ ಬಂದದ್ದೇ ಜನರ ಕಣ್ಣು ಪೀಠದ ಕಡೆ ತಿರುಗಲಿ ಎಂದು. ರೊಟ್ಟಿಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸುವ ಪದ್ಧತಿ 13ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ ಕಡೆ ಬಲಗೊಂಡಿತು. ಗುರುಗಳು ಜನರಿಗೆ ಬೆನ್ನು ಮಾಡಿ, ಲ್ಯಾಟಿನ್ನಿನಲ್ಲಿ, ತಮಗಷ್ಟೇ ಕೇಳುವ ದನಿಯಲ್ಲಿ ಮಂತ್ರ ಹೇಳುತ್ತಿದ್ದ ಕಾಲ. ಹಿಂದಿನ ಬೆಂಚಿಗೆ ಎಲ್ಲಿಗೆ ಬಂತು ಎಂದು ತಿಳಿಯುವುದು ಹೇಗೆ? 1962ರಿಂದ 65ರವರೆಗೆ ನಡೆದ, ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಭೆಯ ನಂತರ ಪೂಜೆ ಕನ್ನಡಕ್ಕೆ ಬಂತು, ಗುರುಗಳು ಜನರ ಕಡೆ ಮುಖ ಮಾಡಿದರು, ಮೈಕೂ ಬಂತು. ಇಂದಿನ ನಿಯಮದಲ್ಲಿ ಗಂಟೆ ಕಡ್ಡಾಯವಲ್ಲ. ಎಲ್ಲ ಕೇಳಿಸುತ್ತಿರುವಾಗ ಅದೇಕೆ ಎಂದು ಕೆಲವರು ಕೇಳುತ್ತಾರೆ. ಕೇಳಿಸುವುದಕ್ಕೂ ಕೇಳುವುದಕ್ಕೂ ಇರುವ ದೂರವನ್ನು ಮೈಕು ಕಡಿಮೆ ಮಾಡಿಲ್ಲ, ಅದಕ್ಕೇ.

ಬಾರಿಸುವುದರಲ್ಲೂ ಹದವಿದೆ. ಬಟ್ಟಲಿನ ಅಂಚಿಗೆ ಬೆರಳು ತಾಗಿದರೆ ನಾದ ಸತ್ತು ಡಬ್ಬಿ ಅಲುಗಾಡಿಸಿದಂತೆ ಕೇಳುತ್ತದೆ. ಹಿಡಿಯನ್ನಷ್ಟೇ ಹಿಡಿದು ಮಣಿಕಟ್ಟು ಒಮ್ಮೆ ತಿರುಗಿಸಬೇಕು, ನಾದ ಪೂರ್ತಿ ಆರುವ ಮೊದಲು ಎರಡನೆಯದು. ಗ್ರಾನೈಟ್ ಮೆಟ್ಟಿಲ ಮೇಲೆ ಹಾಗೇ ಇಟ್ಟರೆ, ಇಡುವಾಗಿನ ಠಣ್ ಸದ್ದು ಬಾರಿಸಿದ್ದಕ್ಕಿಂತ ಜೋರು. ಕೆಳಗೊಂದು ದಪ್ಪ ಬಟ್ಟೆ ಬೇಕು. ಇವೆಲ್ಲಕ್ಕಿಂತ ದೊಡ್ಡ ತಪ್ಪು, ಹುಡುಗನ ಮನಸ್ಸೇ ಓಡಿಹೋಗಿರುವುದು. ಆಗ ಗುರುಗಳು ರೊಟ್ಟಿ ಕೆಳಗಿಳಿಸಿದ ಮೇಲೆ ಗಂಟೆ ಮೊಳಗುತ್ತದೆ, ಇಡೀ ಸಭೆ ತಲೆಯೆತ್ತಿ ಖಾಲಿ ಗಾಳಿ ನೋಡುತ್ತದೆ.

ಮೈಸೂರಿನ ಅಶೋಕ ರಸ್ತೆಯ ಸೇಂಟ್ ಫಿಲೋಮಿನಾದಂಥ ಕಡೆ ಇನ್ನೊಂದು ತೊಡಕು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲಿಟ್ಟ ಚರ್ಚು. 175 ಅಡಿಯ ಜೋಡಿ ಗೋಪುರಗಳಿಗೆ ತಕ್ಕ ಎತ್ತರದ ಒಳಮಾಳಿಗೆ. ಅಷ್ಟು ಎತ್ತರದಲ್ಲಿ ಗಂಟೆಯ ನಾದ ಬೆಳೆಯುತ್ತದೆ, ಮಾತು ಮಾತ್ರ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಗೋಡೆಯ ಸ್ಪೀಕರಿಗೆ ಹತ್ತಿರದ ಬೆಂಚು ಹಿಡಿಯುವುದು, ಆ ದಿನದ ವಾಚನಗಳನ್ನು ಶನಿವಾರ ರಾತ್ರಿಯೇ ಒಮ್ಮೆ ಓದಿಕೊಂಡಿರುವುದು, ಇವೆರಡರಿಂದ ಅರ್ಧ ಕಷ್ಟ ಕಳೆಯುತ್ತದೆ. ಗೊತ್ತಿರುವ ವಾಕ್ಯವನ್ನು ಕಿವಿ ಪ್ರತಿಧ್ವನಿಯ ನಡುವೆಯೂ ಹೆಕ್ಕಿಕೊಳ್ಳುತ್ತದೆ, ಸಂತ ಪೌಲರದ್ದಾದರೂ ಸರಿ.

ಸದ್ದಿಲ್ಲದ ಗಂಟೆಯೂ ಒಂದುಂಟು. ಪೂಜೆಯ ಆರಂಭದಲ್ಲಿ ಗುರುಗಳು "ಪ್ರಾರ್ಥಿಸೋಣ" ಎಂದ ಮೇಲೆ ನಿಯಮದ ಪ್ರಕಾರ ಮೌನವಿರಬೇಕು. ಪ್ರತಿಯೊಬ್ಬರೂ ತಾವು ದೇವರ ಮುಂದೆ ನಿಂತಿದ್ದೇವೆ ಎಂದು ನೆನೆದು, ತಂತಮ್ಮ ಬೇಡಿಕೆಯನ್ನು ಮನಸ್ಸಿನಲ್ಲೇ ಇಡುವ ಹೊತ್ತದು. ಹಾಗೆ ಇಟ್ಟದ್ದನ್ನೆಲ್ಲ ಒಟ್ಟುಗೂಡಿಸಿ ಗುರುಗಳು ಒಂದು ಪ್ರಾರ್ಥನೆ ಮಾಡುತ್ತಾರೆ. ನಮ್ಮಲ್ಲಿ ಬಹಳ ಕಡೆ "ಪ್ರಾರ್ಥಿಸೋಣ" ಎಂಬುದರ ಬೆನ್ನಿಗೇ ಪ್ರಾರ್ಥನೆಯ ಮೊದಲ ಪದ ಬಂದುಬಿಡುತ್ತದೆ. ಯಾರೂ ಏನೂ ಇಡದೆ ಒಟ್ಟುಗೂಡಿಸುವುದೇನನ್ನು? ನಿಧಾನವಾಗಿ ನಾಲ್ಕು ಸಲ ಉಸಿರಾಡುವಷ್ಟು ಹೊತ್ತು ಸಾಕು. ಮಕ್ಕಳೂ ಅಷ್ಟು ತಡೆಯುತ್ತಾರೆ. ಗುರುಗಳು ಬಿಡದಿದ್ದರೆ ಹತ್ತು ನಿಮಿಷ ಮೊದಲೇ ಬಂದು, ಮೊಬೈಲು ಆರಿಸಿ, ಮಂಡಿಯೂರಿ ಬೇಡಿಕೆಯನ್ನು ಒಂದೇ ವಾಕ್ಯಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು. ಹತ್ತು ವಾಕ್ಯವಾದರೆ ಅದು ಮಾರುಕಟ್ಟೆಯ ಪಟ್ಟಿಯೇ.

ಪರಮಪ್ರಸಾದದ, ಅಂದರೆ ಆ ರೊಟ್ಟಿಯನ್ನು ಜನ ಸ್ವೀಕರಿಸಿದ, ನಂತರದ ಮೌನದ ಬಗ್ಗೆ ಹೇಳುವುದೇ ಬೇಡ. ಆ ಹೊತ್ತಿಗೆ ಅರ್ಧ ಜನರ ಮನಸ್ಸು ಸ್ಕೂಟರ್ ನಿಲ್ಲಿಸಿದ ಜಾಗದಲ್ಲಿರುತ್ತದೆ.

ವರ್ಷಕ್ಕೊಮ್ಮೆ ಗಂಟೆಗೆ ರಜೆ. ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರದ ಸಂಜೆ, ದೇವರನ್ನು ಕೊಂಡಾಡುವ ಮಹಿಮಾಗೀತೆ ಹಾಡುವಾಗ ಮೊಳಗಿದರೆ ಮುಗಿಯಿತು, ಮತ್ತೆ ಶನಿವಾರ ರಾತ್ರಿಯ ಪಾಸ್ಖ (ಈಸ್ಟರ್) ಜಾಗರಣೆಯ ಮಹಿಮಾಗೀತೆಯವರೆಗೆ ಬಾಯಿ ತೆರೆಯುವಂತಿಲ್ಲ. ಆ ನಡುವೆ ಕೆಲವು ಕಡೆ ಮರದ ತುಂಡುಗಳನ್ನು ಕಟಕಟನೆ ಬಡಿಯುತ್ತಾರೆ. ಇಂಪೇ ಇಲ್ಲದ ಸದ್ದು, ಬಾಗಿಲ ಅಗುಳಿ ಅಲುಗಿಸಿದ ಹಾಗೆ. ವರ್ಷವಿಡೀ ಗಂಟೆಗೆ ಒಗ್ಗಿಹೋದ ಕಿವಿ ಆಗ ಥಟ್ಟನೆ ಎದ್ದು ಕೂರುತ್ತದೆ. ಶನಿವಾರ ರಾತ್ರಿ ದೀಪಗಳೆಲ್ಲ ಹೊತ್ತಿ ಗೋಪುರದ್ದೂ ಕೈಯದೂ ಒಟ್ಟಿಗೆ ಮೊಳಗುವಾಗ ಹುಡುಗರು ಲೆಕ್ಕ ಮರೆತು ಬಾರಿಸುತ್ತಾರೆ, ಗುರುಗಳೂ ಸುಮ್ಮನಿರುತ್ತಾರೆ.